ಆಡಿನ ಮೇವು, ವಿಷಲೋಹ ಮತ್ತು ಖನಿಜ ಮಿಶ್ರಣ



ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಅನೇಕ ಮನೆಗಳಲ್ಲಿ ನಾಲ್ಕಾರು ಆಡುಗಳಿರುತ್ತವೆ. ಬಕ್ರೀದ್ ಮುಂಚೆ ಒಂದು ಹೋತ ಮಾರಿದರೆ ಕಾಲೇಜಿನ ಫೀ ಕಟ್ಟಬಹುದು. ಆಡಿನ ಹಾಲು ಮನೆಯ ಮಕ್ಕಳಿಗೆ, ಮಾಂಸ ಊರಿನವರಿಗೆ. ಹೀಗಾಗಿ ಆಡು ಏನು ತಿನ್ನುತ್ತದೆ ಎಂಬುದು ಎಲ್ಲರಿಗೂ ಸಂಬಂಧಿಸಿದ್ದು. ಮೇವಿನೊಂದಿಗೆ ಒಳಹೋಗುವ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ನಂಥ ಲೋಹಗಳನ್ನು ಖನಿಜ ಮಿಶ್ರಣ ತಡೆಯುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು, ಪೂರ್ತಿ ಅಲ್ಲ.

ಈ ಲೋಹಗಳು ಎಲ್ಲಿಂದ ಬರುತ್ತವೆ?

ಹಳೆಯ ಬ್ಯಾಟರಿಯ ತಟ್ಟೆ ಮತ್ತು ಹಳೆಯ ಬಣ್ಣ ಬಳಿದ ತಗಡಿನಲ್ಲಿ ಸೀಸ ಇರುತ್ತದೆ. ಆಡು ಸಿಕ್ಕಿದ್ದನ್ನೆಲ್ಲ ನೆಕ್ಕುವ ಪ್ರಾಣಿ. ಕಾರ್ಖಾನೆಯ ಹೊಗೆ ಮತ್ತು ಹೆದ್ದಾರಿಯ ಧೂಳು ಮೇವಿನ ಮೇಲೆ ಕೂರುತ್ತವೆ. ರಾಸಾಯನಿಕ ರಂಜಕ ಗೊಬ್ಬರದಲ್ಲಿ ಕ್ಯಾಡ್ಮಿಯಂ ಬೆರೆತಿರುವುದುಂಟು. ನಮ್ಮ ಪಕ್ಕದ ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಂಥ ಚಿನ್ನದ ಶಿಲೆಗಳ ಪ್ರದೇಶದಲ್ಲಿ ಆರ್ಸೆನಿಕ್ ಕಲ್ಲಿನಲ್ಲೇ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಅದು ಕಂಡುಬಂದಿತ್ತು. ಕುಷ್ಟಗಿ, ಯಲಬುರ್ಗಾ ಭಾಗದ ಬೋರ್‌ವೆಲ್ ನೀರಿನ ತೊಂದರೆ ಮುಖ್ಯವಾಗಿ ಫ್ಲೋರೈಡ್. ಅದು ಲೋಹವಲ್ಲ, ಆದರೆ ಜಾನುವಾರುಗಳ ಹಲ್ಲು, ಎಲುಬು ಎರಡನ್ನೂ ಕೆಡಿಸುತ್ತದೆ.

ಖನಿಜ ಮಿಶ್ರಣ ಹೇಗೆ ಕೆಲಸ ಮಾಡುತ್ತದೆ?

ಕುಷ್ಟಗಿಯಿಂದ ಕೊಪ್ಪಳಕ್ಕೆ ಹೊರಟ ಬಸ್ಸನ್ನು ನೆನೆಸಿಕೊಳ್ಳಿ. ಸೀಟು ತುಂಬಿದ್ದರೆ ನಡುವೆ ಹತ್ತಿದವರಿಗೆ ಜಾಗ ಸಿಗುವುದು ಕಷ್ಟ. ಕರುಳಿನಲ್ಲಿಯೂ ಹೀಗೇ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೋಗುವ ದಾರಿಯಲ್ಲೇ ಸೀಸವೂ ಹೋಗುತ್ತದೆ. ಕಬ್ಬಿಣ ಮತ್ತು ಸತುವಿನ ದಾರಿಯಲ್ಲಿ ಕ್ಯಾಡ್ಮಿಯಂ ನುಸುಳುತ್ತದೆ. ಮೇವಿನಲ್ಲಿ ಈ ಖನಿಜಗಳ ಕೊರತೆ ಇದ್ದರೆ ದೇಹ ವಿಷಲೋಹವನ್ನೇ ಹೆಚ್ಚು ಹೀರುತ್ತದೆ. ಸಾಕಷ್ಟಿದ್ದರೆ ಕಡಿಮೆ ಹೀರುತ್ತದೆ. ಕ್ಯಾಲ್ಸಿಯಂ ಫ್ಲೋರೈಡನ್ನೂ ಕರುಳಿನಲ್ಲಿ ಸ್ವಲ್ಪ ಹಿಡಿದಿಡುತ್ತದೆ. ಬರೀ ಜೋಳದ ಕಣಕಿ, ಸಜ್ಜೆ ದಂಟು ತಿನ್ನುವ ಆಡಿಗೆ ಕ್ಯಾಲ್ಸಿಯಂ ಸಾಲದು. ಶೇಂಗಾ ಬಳ್ಳಿ, ತೊಗರಿ ಹೊಟ್ಟು ಸೇರಿಸಿದರೆ ಒಂದಿಷ್ಟು ಕೊರತೆ ಅಲ್ಲೇ ತುಂಬುತ್ತದೆ.

ಆದರೆ ಒಮ್ಮೆ ದೇಹ ಸೇರಿದ ಲೋಹವನ್ನು ಈ ಪುಡಿ ಹೊರಹಾಕುವುದಿಲ್ಲ. ಸೀಸ ಎಲುಬಿನಲ್ಲಿ ಕೂರುತ್ತದೆ. ಕ್ಯಾಡ್ಮಿಯಂ ಕಲೇಜಿ ಮತ್ತು ಗುರ್ದಾದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಮೊದಲ ಕೆಲಸ ಲೋಹದ ಮೂಲವನ್ನು ದೂರ ಮಾಡುವುದು. ಖನಿಜ ಮಿಶ್ರಣ ಎರಡನೆಯದು.

ಕೊಳ್ಳುವಾಗ ನೋಡಬೇಕಾದದ್ದು

ಅಗ್ಗದ ಪುಡಿಯಲ್ಲೇ ಸೀಸ, ಆರ್ಸೆನಿಕ್ ಇರಬಹುದು; ಏಕೆಂದರೆ ಅದರ ಕಚ್ಚಾ ವಸ್ತುವೂ ಗಣಿಯಿಂದಲೇ ಬರುತ್ತದೆ. ಪಶು ಆಹಾರದ ಖನಿಜ ಮಿಶ್ರಣಕ್ಕೆ ಐ.ಎಸ್. 1664 ಎಂಬ ಭಾರತೀಯ ಮಾನಕವಿದೆ. ಅದು ಇಂಥ ವಿಷಾಂಶಗಳಿಗೂ ಮಿತಿ ಹಾಕಿದೆ. ಪೊಟ್ಟಣದ ಮೇಲೆ ಐ.ಎಸ್.ಐ. ಗುರುತು, ತಯಾರಿಸಿದ ದಿನ ನೋಡಿ ಕೊಳ್ಳಿರಿ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಕೊರತೆಗೆ ತಕ್ಕ ಮಿಶ್ರಣಗಳ ಮೇಲೆ ಕೆಲಸ ಮಾಡಿದೆ. ನಮ್ಮ ಭಾಗಕ್ಕೆ ಯಾವುದು ತಕ್ಕುದೆಂದು ಪಶು ವೈದ್ಯರನ್ನು ಕೇಳಿರಿ.

ಮನೆಯಲ್ಲಿ ಮಾಡಬೇಕಾದದ್ದು

1. ಬೆಳೆದ ಆಡಿಗೆ ದಿನಕ್ಕೆ 5ರಿಂದ 10 ಗ್ರಾಂ ಸಾಕು. ಪೊಟ್ಟಣದ ಪ್ರಮಾಣ ಮೀರಬಾರದು. 100 ಕಿಲೋ ಹಿಂಡಿ ಆಹಾರ ಕಲಸುವುದಾದರೆ 2 ಕಿಲೋ ಮಿಶ್ರಣ, 1 ಕಿಲೋ ಉಪ್ಪು.

2. ಹೊಲಕ್ಕೆ ಹಾಕುವ ಸೂಪರ್ ಫಾಸ್ಫೇಟ್ ಗೊಬ್ಬರವನ್ನು ಮೇವಿಗೆ ಎಂದಿಗೂ ಬೆರೆಸಬೇಡಿ.

3. ಆಡಿನೊಂದಿಗೆ ಕುರಿ ಇದ್ದರೆ ಎಚ್ಚರ. ಕುರಿಗೆ ತಾಮ್ರ ಬೇಗ ವಿಷವಾಗುತ್ತದೆ. ಎಮ್ಮೆ, ಆಕಳ ಮಿಶ್ರಣವನ್ನು ಕುರಿಗೆ ಹಾಕಬೇಡಿ.

4. ಗ್ಯಾರೇಜು, ಬ್ಯಾಟರಿ ಅಂಗಡಿ, ಕಸದ ಗುಂಡಿ ಹತ್ತಿರ ಆಡು ಕಟ್ಟಬೇಡಿ. ಬಣ್ಣದ ಡಬ್ಬಿ, ಔಷಧದ ಡ್ರಮ್ಮಿನಲ್ಲಿ ನೀರಿಡಬೇಡಿ.

5. ರಸ್ತೆ ಬದಿಯ ಹುಲ್ಲನ್ನು ಜಾಡಿಸಿ, ತೊಳೆದು ಹಾಕಿರಿ. ಧೂಳಿನೊಂದಿಗೆ ಮೇಲೆ ಕೂತ ಲೋಹವೂ ಬಹುಮಟ್ಟಿಗೆ ಹೋಗುತ್ತದೆ.

6. ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿರಿ. ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಕಾಯಿಸಿದರೆ ಇವು ಹೋಗುವುದಿಲ್ಲ.

ಆಡು ಮೇವು ಬಿಟ್ಟು, ಹಲ್ಲು ಕಡಿಯುತ್ತ, ಕಣ್ಣು ಕಾಣದಂತೆ ಗೋಡೆಗೆ ಹಾಯ್ದರೆ ಸೀಸದ ವಿಷವಿರಬಹುದು. ತಡಮಾಡದೆ 1962ಕ್ಕೆ ಫೋನ್ ಮಾಡಿರಿ. ಅಂಥ ಆಡನ್ನು ಕುರ್ಬಾನಿಗೂ ಕೊಡಬೇಡಿ, ಕಟುಕರಿಗೂ ಮಾರಬೇಡಿ. ತಿನ್ನುವವರೂ ನಮ್ಮವರೇ.

ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳಿಗೆ ಕೊನೆಯದೊಂದು ಮಾತು. ಪೊಟ್ಟಣದ ಮೇಲಿನ ಇಂಗ್ಲಿಷ್ ಅಕ್ಷರ ನಿಮ್ಮ ಅಮ್ಮೀಜಾನ್‌ಗೆ ಓದಲು ಬಾರದೆ ಇರಬಹುದು. ನೀವು ಓದಿ ಹೇಳಿರಿ. ನಿಮ್ಮ ಫೀ ಕಟ್ಟುವ ಆಡಿಗೆ ನಿಮ್ಮ ಓದಿನಿಂದ ಅಷ್ಟಾದರೂ ಉಪಕಾರವಾಗಲಿ.