ಲೆಕ್ಕದ ಮನೆಯ ಮುಚ್ಚಿದ ಬಾಗಿಲು

ಹಾಲಿನ ಲೆಕ್ಕ, ದಿನಸಿ ಅಂಗಡಿಯ ಬಾಕಿ, ಮಕ್ಕಳ ಫೀಜು, ಮನೆಬಾಡಿಗೆ ಇವೆಲ್ಲವನ್ನೂ ತಿಂಗಳ ಮೊದಲ ವಾರದಲ್ಲಿ ಸರಿದೂಗಿಸಿ, ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಉಳಿಸುವ ಗೃಹಿಣಿಗೆ ಲೆಕ್ಕ ಬಾರದೆಂದು ಯಾರೂ ಹೇಳಲಾರರು. ಆದರೆ ಹೊಸ್ತಿಲು ದಾಟಿ ಕಂಪನಿಯ ಲೆಕ್ಕಪತ್ರಗಳನ್ನು ಪರಿಶೋಧಿಸಿ, ಅವುಗಳ ಕೆಳಗೆ ರುಜು ಹಾಕುವ ಅಧಿಕಾರವನ್ನು ಪಡೆಯಲು ಹೆಣ್ಣು ಬಹುಕಾಲ ಕಾಯಬೇಕಾಯಿತು.

ಆ ರುಜುವಿನ ಬೆಲೆ ಸಾಮಾನ್ಯವಾದುದಲ್ಲ. ಕಂಪನಿಯಲ್ಲಿ ಹಣ ತೊಡಗಿಸುವವನು ಅದರ ಖಾತೆಗಳನ್ನು ತಾನೇ ತೆರೆದು ನೋಡಲಾರ; ಅಢಾವೆ ಪತ್ರಿಕೆಯೊಡನೆ ಬರುವ ಲೆಕ್ಕಪರಿಶೋಧಕರ ಮಾತನ್ನೇ ನಂಬಬೇಕು. ಹಾಗೆ ನಂಬಲು ಯೋಗ್ಯರಾರೆಂಬುದನ್ನು ನಿರ್ಧರಿಸಲು ಈ ವೃತ್ತಿಯವರು ಸಂಘ ಕಟ್ಟಿಕೊಂಡರು. ೧೮೫೪ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಲೆಕ್ಕಿಗರ ಸಂಘಕ್ಕೆ ರಾಜಸನದು ದೊರೆಯಿತು. ಚಾರ್ಟರ್ ಎಂದರೆ ಸನದು. ಚಾರ್ಟರ್ಡ್ ಅಕೌಂಟೆಂಟ್ ಎಂಬ ಹೆಸರಿನ ಮೂಲ ಇದೇ. ೧೮೮೦ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಂಸ್ಥೆಯೂ ಇಂತಹ ಸನದನ್ನು ಪಡೆಯಿತು.

೧೮೯೧ರಲ್ಲಿ ಈ ಸಂಸ್ಥೆಯ ಬಾಗಿಲು ತಟ್ಟಿದವಳು ಮೇರಿ ಹ್ಯಾರಿಸ್ ಸ್ಮಿತ್. ಲಂಡನ್ನಿನಲ್ಲಿ ಸ್ವಂತ ಕಚೇರಿ ನಡೆಸುತ್ತಿದ್ದ ಆಕೆಗೆ ವಿದ್ಯೆಯ ಕೊರತೆಯಿರಲಿಲ್ಲ, ಅನುಭವದ ಕೊರತೆಯೂ ಇರಲಿಲ್ಲ. ಆದರೆ ಸನದು ಸದಸ್ಯನನ್ನು ಪುರುಷನೆಂದೇ ಭಾವಿಸಿ ಬರೆದುದಾಗಿತ್ತು. ಅರ್ಜಿ ತಿರಸ್ಕೃತವಾಯಿತು. ಒಂದು ಸರ್ವನಾಮ ಒಬ್ಬಳ ಜೀವಮಾನದ ದುಡಿಮೆಗೆ ಅಡ್ಡಬಂದಿತು!

ಸ್ತ್ರೀಯೆಂಬ ಕಾರಣಕ್ಕೆ ಯಾರನ್ನೂ ವೃತ್ತಿಗಳಿಂದ ಹೊರಗಿಡಬಾರದೆಂಬ ಕಾನೂನು ಬ್ರಿಟನ್ನಿನಲ್ಲಿ ಜಾರಿಗೆ ಬಂದುದು ೧೯೧೯ರಲ್ಲಿ. ಮರುವರ್ಷ ಮೇರಿ ಆ ಸಂಸ್ಥೆಯ ಸದಸ್ಯಳಾಗಿ, ಪ್ರಪಂಚದ ಮೊದಲ ಮಹಿಳಾ ಚಾರ್ಟರ್ಡ್ ಅಕೌಂಟೆಂಟ್ ಎನಿಸಿಕೊಂಡಳು. ಆಗ ಆಕೆಗೆ ಎಪ್ಪತ್ತೈದು ವರ್ಷ. ಇತರರು ವೃತ್ತಿಯಿಂದ ನಿವೃತ್ತರಾಗುವ ವಯಸ್ಸನ್ನೂ ದಾಟಿದ ಮೇಲೆ ಆಕೆಗೆ ವೃತ್ತಿಯ ಮನ್ನಣೆ ದೊರೆಯಿತು.

ನಮ್ಮ ದೇಶದಲ್ಲಿ ಈ ದಾರಿಯನ್ನು ಮೊದಲು ತುಳಿದವರು ಮದರಾಸಿನ ಆರ್. ಶಿವಭೋಗಂ. ಸ್ವಾತಂತ್ರ್ಯ ಚಳುವಳಿಯಲ್ಲಿ ಸೆರೆವಾಸವನ್ನು ಅನುಭವಿಸಿ ಬಂದ ಈ ತರುಣಿ ೧೯೩೩ರಲ್ಲಿ ಲೆಕ್ಕಶಾಸ್ತ್ರದ ಸರ್ಕಾರಿ ಡಿಪ್ಲೊಮಾದಲ್ಲಿ ತೇರ್ಗಡೆಯಾದರು. ಅವರಿಗೆ ಅಡ್ಡಿಯಾದುದು ಬೇರೊಂದು: ಸೆರೆಮನೆ ಕಂಡವರು ಲೆಕ್ಕಪರಿಶೋಧಕರಾಗಿ ನೋಂದಣಿ ಪಡೆಯುವಂತಿರಲಿಲ್ಲ. ಶಿವಭೋಗಂ ನ್ಯಾಯಾಲಯದ ಮೊರೆಹೊಕ್ಕು ಗೆದ್ದರು. ೧೯೩೭ರಲ್ಲಿ ಸ್ವಂತ ಕಚೇರಿಯನ್ನು ತೆರೆದರು.

೧೯೪೯ರ ಜುಲೈ ೧ರಂದು, ಸಂವಿಧಾನ ಜಾರಿಗೆ ಬರುವ ಮೊದಲೇ, ಕಾಯಿದೆಯ ಮೂಲಕ ಭಾರತದ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಸ್ಥಾಪಿತವಾಯಿತು. ಇಲ್ಲಿ ರಾಜಸನದಿಲ್ಲ, ಹೆಸರು ಮಾತ್ರ ಉಳಿದುಬಂದಿದೆ. ಮುಂದೆ ೧೯೫೫ರಿಂದ ೧೯೫೮ರವರೆಗೆ ಈ ಸಂಸ್ಥೆಯ ದಕ್ಷಿಣ ವಲಯದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಅದೇ ಶಿವಭೋಗಂ. ಕರ್ನಾಟಕದ ಲೆಕ್ಕಪರಿಶೋಧಕರೂ ಈ ವಲಯಕ್ಕೇ ಸೇರಿದವರು.

ಸಂಸ್ಥೆ ಸದಸ್ಯತ್ವವನ್ನು ಕೊಡುವಂತೆ ಕಿತ್ತುಕೊಳ್ಳಲೂ ಬಲ್ಲದು. ವೃತ್ತಿಧರ್ಮಕ್ಕೆ ತಪ್ಪಿ ನಡೆದವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲು ಕಾಯಿದೆಯಲ್ಲಿ ಅವಕಾಶವಿದೆ. ಸೇರುವ ದಾರಿಯೂ ಸುಲಭವಲ್ಲ. ಮೂರು ಹಂತದ ಪರೀಕ್ಷೆ. ಪ್ರತಿ ಪತ್ರಿಕೆಯಲ್ಲಿ ಶೇಕಡ ೪೦, ಒಟ್ಟಿನಲ್ಲಿ ಶೇಕಡ ೫೦ ಅಂಕ ಬರಲೇಬೇಕು. ಇದರ ನಡುವೆ ಅನುಭವಿ ಲೆಕ್ಕಪರಿಶೋಧಕರ ಕೈಕೆಳಗೆ ತರಬೇತಿ.

ಪರೀಕ್ಷೆ ಕಠಿಣವಾಗಿರುವುದು ನ್ಯಾಯವೇ. ಪರರ ಹಣಕ್ಕೆ ಸಾಕ್ಷಿ ನುಡಿಯುವವರು ಅರೆಬರೆ ಕಲಿತವರಾಗಬಾರದು. ಆದರೆ ಅಳೆಯಬೇಕಾದುದು ಲೆಕ್ಕದ ಅರಿವನ್ನು, ನಡತೆಯ ಶುದ್ಧಿಯನ್ನು. ಬರೆದ ಕೈ ಗಂಡಿನದೋ ಹೆಣ್ಣಿನದೋ ಎಂಬುದನ್ನಲ್ಲ. ಮನೆಯ ಮಗಳು ಲೆಕ್ಕದಲ್ಲಿ ಚುರುಕಾಗಿದ್ದರೆ ಹಾಲಿನ ಲೆಕ್ಕದ ಪುಸ್ತಕವನ್ನಷ್ಟೇ ಆಕೆಯ ಕೈಗಿತ್ತು ಸುಮ್ಮನಾಗಬೇಕಾಗಿಲ್ಲ. ಎಪ್ಪತ್ತೈದರ ವೃದ್ಧೆಯೊಬ್ಬಳು ಕಾದು ನಿಂತ ಬಾಗಿಲು ಇಂದು ಆಕೆಗೆ ತೆರೆದಿದೆ.