ನಾಲ್ಕು ಮನೆಯ ಡೇರೆ

ದಣಪೆ ದಾಟುವಾಗಲೇ ಹಸಿಮಣ್ಣಿನ ವಾಸನೆ. ಶಿರಸಿ ಸೀಮೆಗೆ ಮೊನ್ನೆಯಷ್ಟೇ ಮಳೆ ಹಿಡಿದಿದೆ. ಅಂಗಳದಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ಚಿಕ್ಕಿ ತಲೆಯೆತ್ತಿ, "ಬಂದ್ಯ? ಆಸ್ರಿಗೆ ಎಂತ ಬೇಕು?" ಎಂದು ಕೇಳಿ, ಮತ್ತೆ ಡೇರೆ ಗಡ್ಡೆ ಬಿಡಿಸತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ.

ಡೇರೆ ಎಂದರೆ ಡೇಲಿಯಾ. ಹುಟ್ಟೂರು ಮೆಕ್ಸಿಕೊ, 1963ರಿಂದ ಅಲ್ಲಿನ ರಾಷ್ಟ್ರೀಯ ಪುಷ್ಪ. ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಹೆಸರು ಹೊತ್ತ ಈ ಹೂವು ಮಲೆನಾಡಿನ ಹೆಂಗಸರ ಬಾಯಲ್ಲಿ ಡೇರೆಯಾಗಿ, ಚೌತಿಯ ಹೊತ್ತಿಗೆ ಅಂಗಳ ತುಂಬುವಷ್ಟು ಮನೆಯದೇ ಆಗಿಬಿಟ್ಟಿದೆ.

ಗೆಣಸಿನ ಗೊಂಚಲಿನಂಥ ಗಡ್ಡೆಯನ್ನು ಚಿಕ್ಕಿ ಅಂಗೈಯಲ್ಲಿ ತಿರುಗಿಸಿ ಹಳೆಯ ದಂಟಿನ ಬುಡ ತೋರಿಸಿದಳು. ಗಡ್ಡೆ ದಂಟಿಗೆ ಕೂಡುವ ಕುತ್ತಿಗೆಯ ಹತ್ತಿರ, ಸಾಸಿವೆಯಷ್ಟು ದಪ್ಪದ ಕೆಂಪು ಕಣ್ಣು. ಚಿಗುರು ಅಲ್ಲಿಂದಲೇ ಬರಬೇಕು. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪವಿದ್ದರೂ ಮಣ್ಣಲ್ಲಿ ಕೊಳೆಯುತ್ತದೆಯೇ ಹೊರತು ಗಿಡವಾಗದು. ಹಾಗಾಗಿ ಅವಳ ಚೂರಿ ದಂಟನ್ನೇ ಉದ್ದಕ್ಕೆ ಸೀಳುತ್ತದೆ, ಪ್ರತಿ ಹೋಳಿಗೂ ಒಂದೊಂದು ಕಣ್ಣು ಬರುವಂತೆ. ಕೊಯ್ದಲ್ಲಿಗೆ ಒಲೆಯ ಬೂದಿ ಸವರಿ ಒಂದು ದಿನ ಜಗುಲಿಯಲ್ಲಿ ಆರಲು ಬಿಡುತ್ತಾಳೆ. ನೆಡುವುದು ಏರುಮಡಿಯಲ್ಲಿ, ಏಕೆಂದರೆ ಬುಡದಲ್ಲಿ ನೀರು ನಿಂತರೆ ಡೇರೆ ಉಳಿಯದು. ಗೂಟ ಮೊದಲು, ಗಡ್ಡೆ ಆಮೇಲೆ. ಗಿಡ ಎದ್ದ ಮೇಲೆ ಗೂಟ ಹುಗಿದರೆ ಅದು ಗಡ್ಡೆಯನ್ನೇ ತೂತು ಮಾಡೀತು.

ಬಿಡಿಸದೆ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಗಿಡಗಳು ಒತ್ತೊತ್ತಾಗಿ ಎದ್ದು, ದಂಟು ಸಣಕಲಾಗಿ, ಹೂವೂ ಚಿಕ್ಕದಾಗುತ್ತದಂತೆ. ಬಿಡಿಸಿದರೆ ಒಂದು ಬುಡ ಆರಾಗುತ್ತದೆ. ಅಷ್ಟನ್ನೂ ನೆಡಲು ಯಾರ ಅಂಗಳದಲ್ಲಿ ಜಾಗವಿದೆ? ಬೇರೆ ಮನೆಗೆ ಕೊಡಲೇಬೇಕು. ಹೀಗೆ ಕೊಡುವುದೂ ಆರೈಕೆಯ ಒಂದು ಭಾಗವೇ ಎಂದು ನನಗೆ ಅರ್ಥವಾದದ್ದು ಅಲ್ಲಿ ಕೂತಾಗ.

ಜಗುಲಿಯ ಬದಿಯ ಸೇವಂತಿಗೆಯದೂ ಇದೇ ಕಥೆ. ಹೂ ಮುಗಿದೊಡನೆ ಬುಡಕ್ಕೆ ಕೊಯ್ದರೆ ಸುತ್ತ ಹಿಳ್ಳು ಏಳುತ್ತವೆ. ಅವನ್ನು ಬೇರು ಸಮೇತ ಬಿಡಿಸಿ ಹೊಸ ಮಣ್ಣಿಗೆ ಹಾಕಿ, ನಡುವಿನ ಮುದಿ ಬುಡವನ್ನು ಗೊಬ್ಬರಗುಂಡಿಗೆ ಎಸೆಯುತ್ತಾರೆ. ಬೇಲಿಯ ದಾಸವಾಳಕ್ಕಂತೂ ಹೆಬ್ಬೆರಳಿನ ಎರಡರಷ್ಟು ಉದ್ದದ ಕಡ್ಡಿ ನೆಟ್ಟರೆ ಸಾಕು, ಪೆನ್ಸಿಲ್ ದಪ್ಪದ್ದು.

ಹಿತ್ತಿಲಿಗೆ ಹೋದರೆ ಬಚ್ಚಲ ನೀರು ಹರಿಯುವಲ್ಲಿ ಸುಗಂಧಿ. ಶುಂಠಿಯ ಬಳಗದ್ದು, ಶುಂಠಿಯಂಥದೇ ಬೇರು. ಇನ್ನೂ ಹೂವಿಲ್ಲ. ಬಿಟ್ಟಾಗ ಮುಸ್ಸಂಜೆಗೆ ಅಡುಗೆಮನೆಯವರೆಗೂ ಘಮ ಬರುತ್ತದೆ, ಅದು ನನಗೆ ಚಿಕ್ಕಂದಿನಿಂದ ಗೊತ್ತು.

ಅಬ್ಬಲಿಗೆಯ ಒಣಗಿದ ತೆನೆಯೊಂದನ್ನು ಕಿತ್ತು ಚಿಕ್ಕಿ ನನ್ನ ಅಂಗೈಯಲ್ಲಿಟ್ಟು ನಾಲ್ಕು ಹನಿ ನೀರು ಚಿಮುಕಿಸಿದಳು. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಚಟ್ಟೆಂದು ಒಂದು ಕಾಯಿ ಸಿಡಿಯಿತು, ಬೀಜ ಹಾರಿ ನನ್ನ ಕೆನ್ನೆಗೆ ಬಡಿಯಿತು. ಮಳೆ ಬಿದ್ದ ಮೇಲೇ ಬೀಜ ಹೊರಡಲಿ ಎಂಬ ಗಿಡದ ಏರ್ಪಾಡು ಅದು.

ಕೆಲವು ವರ್ಷದ ಹಿಂದೆ ಅಡ್ಡಮಳೆಗೆ ಹಂಚು ಸರಿದು, ಅಟ್ಟದಲ್ಲಿ ಮರಳೊಳಗಿಟ್ಟ ಡೇರೆ ಗಡ್ಡೆಯೆಲ್ಲ ಕೊಳೆತಿತ್ತು. ಅತ್ತೆ ಕೊಟ್ಟಿದ್ದ ಕೆಂಪಂಚಿನ ಬಿಳಿ ಡೇರೆಯೂ ಹೋಯಿತೆಂದು ಚಿಕ್ಕಿ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಸುದ್ದಿ ಕೇಳಿ ಕೆಳಗಿನ ಕೇರಿಯಿಂದ, ಮೇಲಿನ ಮನೆಯಿಂದ, ಮಗಳ ಗಂಡನ ಮನೆಯಿಂದಲೂ ಗಡ್ಡೆ ಬಂದವು. ಇವಳೇ ಹಿಂದೆ ಹಂಚಿದ್ದವು. ಈಗ ಕೈಯಲ್ಲಿದ್ದ ಗಡ್ಡೆ ತೋರಿಸಿ, "ಇದು ನಮ್ಮನೆದೇಯ. ಅಲ್ಲಿತ್ತು, ಬಂತು" ಎಂದಳು.

ಹೊರಡುವಾಗ ಅಡಿಕೆ ಹಾಳೆಯ ತುಂಡಿನಲ್ಲಿ ದರಕು ಹಾಸಿ, ಮೂರು ಹೋಳಿಟ್ಟು, ಬಾಳೆಪಟ್ಟೆಯಲ್ಲಿ ಕಟ್ಟಿದಳು. ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಎರಡೇ ದೊಡ್ಡ ಕುಂಡ ಇರುವುದು ಅವಳಿಗೆ ಗೊತ್ತು. ಮೂರನೆಯದು ಯಾರಿಗೆಂದೆ.

"ನಿಂಗಳ ಪಕ್ಕದ್ಮನೆಯವ್ಕೆ."