ಈರುಳ್ಳಿ ಬೂಷ್ಟು ಮತ್ತು ಅಪ್ಪನ ಮೊಬೈಲು

ಹಳೆಯ ಈರುಳ್ಳಿಯ ಸಿಪ್ಪೆ ಬಿಡಿಸಿದರೆ ಮಸಿ ಬಳಿದಂತೆ ಕಪ್ಪು ಬೂಷ್ಟು ಕಾಣುತ್ತದಲ್ಲ, ಆಸ್ಪರ್ಜಿಲಸ್ ನೈಜರ್ ಎಂಬ ಆ ಶಿಲೀಂಧ್ರಕ್ಕೂ ಟೈಪ್ 1 ಮಧುಮೇಹ ಇರುವ ಮಗುವಿನ ಅಪ್ಪನ ಮೊಬೈಲಿಗೂ ನಂಟಿದೆ.

ಟೈಪ್ 1 ಎಂದರೆ ನಮ್ಮ ಮನೆಗಳ ಹಿರಿಯರಿಗೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಲ್ಲ. ರೋಗಾಣುಗಳ ಮೇಲೆ ಎರಗಬೇಕಾದ ದೇಹದ ಕಾವಲು ಪಡೆಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುವ ರೋಗ ಇದು. ಮಗು ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ನೆಂಟರಿಷ್ಟರಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಇನ್ಸುಲಿನ್ ಹೊರಗಿನಿಂದಲೇ ಬರಬೇಕು. ಕೊಟ್ಟದ್ದು ಹೆಚ್ಚಾದರೆ ಸಕ್ಕರೆ ಕುಸಿದು ಪ್ರಜ್ಞೆಯೇ ತಪ್ಪಬಹುದು. ಹಾಗಾಗಿ ಇಂಥ ಮನೆಗಳಲ್ಲಿ ರಾತ್ರಿಯ ಭಯವೇ ದೊಡ್ಡದು.

ಆ ಭಯಕ್ಕೆ ಕಾವಲಾಗಿ ತೋಳಿನ ಮೇಲೆ ಸಕ್ಕರೆ ಅಳೆಯುವ ಬಿಲ್ಲೆಯೊಂದು ಅಂಟಿಕೊಂಡಿರುತ್ತದೆ, ನಾಣ್ಯದ ಅಗಲದ್ದು. ಅದರಡಿಯ ಕೂದಲೆಳೆಯಂಥ ತಂತು ಚರ್ಮದೊಳಗೆ ಸುಮಾರು ಅರ್ಧ ಸೆಂಟಿಮೀಟರ್ ಇಳಿದಿರುತ್ತದೆ. ತಂತುವಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಲೇಪ. ಈ ಕಿಣ್ವದ ಮುಖ್ಯ ಮೂಲವೇ ನಮ್ಮ ಈರುಳ್ಳಿ ಬೂಷ್ಟು! ಗ್ಲೂಕೋಸ್ ಬಂದು ತಾಗಿದಾಗ ಕಿಣ್ವ ಅದರ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ, ಕೊನೆಗೆ ತಂತುವಿನಲ್ಲಿ ತೀರಾ ಅಲ್ಪ ವಿದ್ಯುತ್ ಹರಿಯುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಕರೆಂಟು ಹೆಚ್ಚು. ಐದು ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 288 ಅಂಕಿಗಳು, ಬ್ಲೂಟೂತ್ ಮೂಲಕ ಮೊಬೈಲಿಗೆ.

ಆ್ಯಪ್‌ನಲ್ಲಿ ಅಂಕಿಯ ಪಕ್ಕದಲ್ಲೊಂದು ಬಾಣದ ಗುರುತಿರುತ್ತದೆ. ನನ್ನ ಲೆಕ್ಕದಲ್ಲಿ ಅಂಕಿಗಿಂತ ಬಾಣವೇ ಮುಖ್ಯ. ನೂರರಲ್ಲಿ ನಿಂತ ಸಕ್ಕರೆ ಬೇರೆ, ನೂರರಿಂದ ಸರ್ರನೆ ಜಾರುತ್ತಿರುವ ಸಕ್ಕರೆ ಬೇರೆ. ಆದರೆ ತಟ್ಟೆಯಲ್ಲಿರುವ ಮುದ್ದೆಯ ಗಾತ್ರ ಎಷ್ಟೆಂದು ಆ್ಯಪ್‌ಗೆ ತಾನಾಗಿ ತಿಳಿಯದು, ನಾವೇ ಹೇಳಬೇಕು.

ಈ ಅಂಕಿಗಳು ಅಪ್ಪನ ಮೊಬೈಲಿಗೂ ತಲುಪಲು ಒಬ್ಬ ಅಪ್ಪನೇ ಬೇಕಾಯಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಎಂಜಿನಿಯರ್ ಜಾನ್ ಕಾಸ್ಟಿಕ್ ಅವರ ನಾಲ್ಕು ವರ್ಷದ ಮಗನಿಗೆ 2012ರಲ್ಲಿ ಈ ರೋಗ ಬಂತು. ಮಗನ ಅಂಕಿಗಳು ಅವನ ಜೊತೆಗಿದ್ದ ಪುಟ್ಟ ರಿಸೀವರ್ ದಾಟಿ ಹೊರಬರುತ್ತಿರಲಿಲ್ಲ. ಮರುವರ್ಷ ಕಾಸ್ಟಿಕ್ ತಾವೇ ಕೋಡ್ ಬರೆದು ಅವು ಇಂಟರ್‌ನೆಟ್ ಏರುವಂತೆ ಮಾಡಿದರು. ಇನ್ನಷ್ಟು ಅಪ್ಪ-ಅಮ್ಮಂದಿರು ಕೈಜೋಡಿಸಿ ಅದು ನೈಟ್‌ಸ್ಕೌಟ್ ಎಂಬ ಉಚಿತ ತಂತ್ರಾಂಶವಾಯಿತು. ‘ನಾವು ಕಾಯುವುದಿಲ್ಲ’ ಎಂಬುದು ಅವರ ಘೋಷಣೆ.

ಒಂದು ಗುಟ್ಟು: ಬಿಲ್ಲೆ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಲ್ಲಾದ ಏರಿಳಿತ ಅಲ್ಲಿಗೆ ಕೆಲವು ನಿಮಿಷ ತಡವಾಗಿ ತಲುಪುತ್ತದೆ. ಮಗು ಅದೇ ತೋಳಿನ ಮೇಲೆ ಮಗ್ಗುಲಾದರೂ ಸಾಕು. ಚರ್ಮ ಅದುಮಿ, ಇಲ್ಲದ ಕುಸಿತ ತೋರಿಸಿ, ನಡುರಾತ್ರಿ ಅಲಾರಂ ಹೊಡೆದುಕೊಳ್ಳುತ್ತದೆ. ಮೊದಲು ಮಗುವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ. ಆಮೇಲೂ ಅನುಮಾನವಿದ್ದರೆ ಹಳೆಯ ಪದ್ಧತಿಯಂತೆ ಬೆರಳು ಚುಚ್ಚಿ ನೋಡಿ.